ಕಾರಿನೊಳಗಿನ ಪುಟ್ಟ ದೀಪ

ಮಕರ ಸಂಕ್ರಾಂತಿಯ ಜಾತ್ರೆಗೆಂದು ಶಿವಗಂಗೆಗೆ ಹೊರಡುವ ನಮ್ಮ ಬಂಧುಗಳಲ್ಲಿ ಅನೇಕರು ಈಗ ಸ್ವಂತ ಕಾರಿನಲ್ಲಿಯೇ ಹೋಗಿಬರುತ್ತಾರೆ. ಹೊರಡುವ ಮುನ್ನ ಚಕ್ರದ ಗಾಳಿ, ಎಂಜಿನ್ ಆಯಿಲ್, ಬ್ರೇಕು ಎಲ್ಲವನ್ನೂ ನೋಡಿಸುತ್ತಾರೆ. ಒಳಚಾವಣಿಯ ದೀಪ ಮಾತ್ರ ತಿಂಗಳುಗಟ್ಟಲೆ ಕೆಟ್ಟಿದ್ದರೂ ಕೇಳುವವರಿಲ್ಲ. ಅದಿಲ್ಲದೆಯೂ ಕಾರು ಓಡುತ್ತದಲ್ಲ ಎಂಬುದು ಯಜಮಾನರ ವಾದ. ಓಡುತ್ತದೆ, ನಿಜ. ಆದರೆ ದಾಬಸ್‌ಪೇಟೆಯಲ್ಲಿ ಹೆದ್ದಾರಿಯನ್ನು ಬಿಟ್ಟು ಬೆಟ್ಟದ ಕಡೆ ತಿರುಗಿದ ಮೇಲೆ, ಬೀದಿದೀಪವಿಲ್ಲದ ಕಡೆ ಇಳಿಯುವ ಎಪ್ಪತ್ತು ದಾಟಿದ ತಾಯಿಗೆ ಕಾಲಿಡುವ ನೆಲ ಕಾಣಬೇಕಾದರೆ ಆ ದೀಪವೇ ಬೇಕು. ಮೊಬೈಲಿನ ಟಾರ್ಚ್ ಇದೆಯೆನ್ನಬಹುದು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಾಗಿಲು ಹಿಡಿದವರಿಗೆ ಮೂರನೆಯ ಕೈ ಎಲ್ಲಿಂದ ಬರಬೇಕು?

ದೀಪ ಹತ್ತದಿದ್ದರೆ ಕೂಡಲೇ ಬಲ್ಬನ್ನು ದೂರುವುದು ಸರಿಯಲ್ಲ. ದೀಪದ ಗುಂಡಿಗೆ ಸಾಮಾನ್ಯವಾಗಿ ಮೂರು ಸ್ಥಾನಗಳಿರುತ್ತವೆ: ಸದಾ ಉರಿಯುವುದು, ಬಾಗಿಲು ತೆರೆದಾಗ ಮಾತ್ರ ಉರಿಯುವುದು, ಪೂರ್ತಿ ಆರುವುದು. ಮಕ್ಕಳು ಆಟವಾಡುತ್ತ ಅದನ್ನು ಸರಿಸಿರುವುದೇ ಹೆಚ್ಚು. ಮೊದಲ ಸ್ಥಾನದಲ್ಲಿ ಹತ್ತಿ, ಬಾಗಿಲು ತೆರೆದಾಗ ಹತ್ತದಿದ್ದರೆ ಬಲ್ಬು ಚೆನ್ನಾಗಿದೆಯೆಂದೇ ಅರ್ಥ. ದೋಷ ಬಾಗಿಲಿನ ಚೌಕಟ್ಟಿನಲ್ಲಿರುವ ಸಣ್ಣ ಸ್ವಿಚ್ಚಿನದು. ದೊಡ್ಡಬಳ್ಳಾಪುರ, ದೇವನಹಳ್ಳಿಗಳ ದ್ರಾಕ್ಷಿ ತೋಟದ ಮಣ್ಣು ದಾರಿಗಳಲ್ಲಿ ಓಡಾಡುವ ವಾಹನಗಳಲ್ಲಿ ಕೆಂಧೂಳು ಸೇರಿ ಅದು ಒಳಗೇ ಸಿಕ್ಕಿಕೊಳ್ಳುವುದುಂಟು. ಒರೆಸಿ, ನಾಲ್ಕಾರು ಬಾರಿ ಒತ್ತಿ ಬಿಟ್ಟರೆ ಸಾಕಾಗಬಹುದು. ದೀಪದೊಂದಿಗೆ ಗಡಿಯಾರವೂ ನಿಂತಿದ್ದರೆ ಫ್ಯೂಸನ್ನು ನೋಡಬೇಕು.

ಬಲ್ಬೇ ಸುಟ್ಟಿದ್ದರೆ, ದೀಪವು ಉರಿದು ಬಿಸಿಯಾಗಿಲ್ಲವೆಂದು ಖಚಿತಪಡಿಸಿಕೊಂಡು, ಆ ದೀಪದ ಫ್ಯೂಸನ್ನು ತೆಗೆದಿಟ್ಟು ಕೆಲಸಕ್ಕೆ ತೊಡಗಬೇಕು. ಅನೇಕ ಕಾರುಗಳಲ್ಲಿ ದೀಪ ಆರಿದ್ದರೂ ಒಂದು ತಗಡಿಗೆ ವಿದ್ಯುತ್ತು ಬರುತ್ತಲೇ ಇರುತ್ತದೆ. ಸ್ಕ್ರೂಡ್ರೈವರಿನ ತುದಿ ಆ ತಗಡನ್ನೂ ಚಾವಣಿಯ ಲೋಹವನ್ನೂ ಏಕಕಾಲದಲ್ಲಿ ತಾಗಿದರೆ ಫ್ಯೂಸು ಹಾರಿಹೋಗುತ್ತದೆ. ಮುಚ್ಚಳವನ್ನು ಎಬ್ಬಿಸಲು ಐಸ್‌ಕ್ರೀಮಿನ ಚಪ್ಪಟೆ ಕಡ್ಡಿಯೇ ಮೇಲು. ಪ್ಲಾಸ್ಟಿಕ್ಕಿಗೆ ಗೀರೂ ಬೀಳದು. ಒಳಗಿರುವುದು ಬಹುತೇಕ ಎರಡು ತುದಿಗೂ ಲೋಹದ ಮೊನೆಯುಳ್ಳ ಪುಟ್ಟ ಗಾಜಿನ ನಳಿಗೆ. ಒಂದು ಬದಿಯ ತಗಡನ್ನು ಮೆಲ್ಲನೆ ಬಾಗಿಸಿದರೆ ಹೊರಬರುತ್ತದೆ. ಗಾಜು ಕಪ್ಪಾಗಿದ್ದರೆ ಅಥವಾ ಒಳತಂತಿ ತುಂಡಾಗಿದ್ದರೆ ಅದರ ಆಯುಷ್ಯ ಮುಗಿದಿದೆ. ಹೊಸ ಕಾರುಗಳಲ್ಲಿ ದೀಪವು ಫಲಕಕ್ಕೇ ಬೆಸೆದುಕೊಂಡಿದ್ದರೆ ಮನೆಯಲ್ಲಿ ಬಿಚ್ಚುವ ಗೋಜಿಗೆ ಹೋಗಬಾರದು.

ಹಳೆಯ ಬಲ್ಬನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗುವುದು ಉಚಿತ. 31, 36, 41 ಮಿಲಿಮೀಟರ್ ಹೀಗೆ ಉದ್ದಗಳು ಬೇರೆ ಬೇರೆ. ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಹೋಗಬೇಕಿಲ್ಲ, ನೆಲಮಂಗಲ, ಹೊಸಕೋಟೆಗಳ ಬಿಡಿಭಾಗದ ಅಂಗಡಿಗಳಲ್ಲಿಯೂ ಕೇಳಬಹುದು. 12 ವೋಲ್ಟ್, 5 ವಾಟ್ ಎಂದಿದ್ದಲ್ಲಿ ಹೆಚ್ಚು ಬೆಳಕಿನ ಆಸೆಗೆ 10 ವಾಟ್ ಹಾಕಿದರೆ ಕಾವಿಗೆ ಮುಚ್ಚಳ ಹಳದಿಯಾಗಿ ಸೊಟ್ಟಗಾಗುತ್ತದೆ. ಎಲ್‌ಇಡಿ ಹಾಕುವುದಾದರೆ ಕಾವೂ ಕಡಿಮೆ, ವಿದ್ಯುತ್ತೂ ಕಡಿಮೆ. ಹತ್ತದಿದ್ದರೆ ತಿರುಗಿಸಿ ಹಾಕಿ ನೋಡಬೇಕು. ಕೆಲವಕ್ಕೆ ಧನ-ಋಣ ತುದಿಗಳ ಭೇದವುಂಟು. ಕಣ್ಣು ಕುಕ್ಕುವ ನೀಲಿ ಬಿಳುಪಿನವು ನಮಗೆ ಸೇರವು. ರಾತ್ರಿ ಓಡಿಸುವಾಗ ಯಾರಾದರೂ ದೀಪ ಹಾಕಿದರೆ ಆ ಬೆಳಕು ಮುಂಗಾಜಿನಲ್ಲಿ ಪ್ರತಿಫಲಿಸಿ ದಾರಿ ಮಸುಕಾಗುತ್ತದೆ.

ರಾತ್ರಿಯಿಡೀ ದೀಪ ಉರಿದರೆ ಬ್ಯಾಟರಿ ಸತ್ತೇಹೋಗುತ್ತದೆಂಬ ಭಯ ಕೆಲವರಿಗೆ. 5 ವಾಟಿನ ಬಲ್ಬು ಎಳೆಯುವುದು ಅರ್ಧ ಆಂಪಿಯರಿಗಿಂತ ಕಡಿಮೆ. ಹತ್ತು ಗಂಟೆಗೆ ನಾಲ್ಕು ಆಂಪಿಯರ್-ಗಂಟೆಯಷ್ಟು. 35 ಆಂಪಿಯರ್-ಗಂಟೆಯ ಆರೋಗ್ಯವಂತ ಬ್ಯಾಟರಿ ಅದನ್ನು ತಾಳಿಕೊಳ್ಳುತ್ತದೆ. ಮೂರು ನಾಲ್ಕು ವರ್ಷ ದುಡಿದು ಬಳಲಿದ ಬ್ಯಾಟರಿಯ ಮಾತು ಬೇರೆ. ಬೆಳಿಗ್ಗೆ ತಳ್ಳುವವರನ್ನು ಹುಡುಕಬೇಕಾದೀತು. ಆದ್ದರಿಂದ ಜಾತ್ರೆಯ ಬಯಲಿನಲ್ಲಿ ಬಾಗಿಲುಗಳನ್ನು ತೆರೆದಿಟ್ಟು ಬುತ್ತಿ ಬಿಚ್ಚುವಾಗ ಗುಂಡಿಯನ್ನು ಆರುವ ಸ್ಥಾನಕ್ಕೆ ಸರಿಸಿ, ಹಿರಿಯರು ಹತ್ತುವ ಮುನ್ನ ಮರಳಿ ಬಾಗಿಲಿನ ಸ್ಥಾನಕ್ಕೆ ತಂದಿಡಬೇಕು.