ವಂಶವೃಕ್ಷದಲ್ಲಿ ಇಲ್ಲದ ಹೆಸರು: ಸಲಿಂಗಿ ಮಕ್ಕಳ ಅಪ್ಪ-ಅಮ್ಮ ಕೋರ್ಟಿಗೆ ಹೋಗಿದ್ದು ಯಾಕೆ?

ಮಾರನಹಳ್ಳಿ (ಸಕಲೇಶಪುರ): ಶಿರಾಡಿ ಘಾಟಿಯಲ್ಲಿ ಗಾಡಿ ಮಗುಚಿ ಯಾರನ್ನಾದರೂ ಆಸ್ಪತ್ರೆಗೆ ಸೇರಿಸಿದರೆ ಕೌಂಟರ್‌ನಲ್ಲಿ ಮೊದಲು ಬರೋದು ಒಂದೇ ಪ್ರಶ್ನೆ: ‘ಪೇಷಂಟಿಗೆ ನೀವು ಏನಾಗ್ಬೇಕು?’ ಹೆಂಡತಿ, ಅಣ್ಣ, ಭಾವ ಅಂದರೆ ಕೆಲಸ ಮುಂದೆ ಸಾಗುತ್ತೆ. ಹತ್ತು ವರ್ಷ ಒಂದೇ ಸೂರಿನಡಿ ಬಾಳಿದ ಇಬ್ಬರು ಗಂಡಸರಲ್ಲಿ ಒಬ್ಬ ಅಲ್ಲಿ ನಿಂತರೆ ‘ಫ್ರೆಂಡು’ ಅನ್ನಬೇಕು. ‘ಸಂಬಂಧಿಕರನ್ನ ಕರೆಸಿ’ ಅಂತ ಉತ್ತರ ಬರುತ್ತೆ.

ಸಲಿಂಗಿ ಮಕ್ಕಳ ತಂದೆ-ತಾಯಿಗಳು ಸುಪ್ರೀಂ ಕೋರ್ಟ್ ಬಾಗಿಲು ತಟ್ಟಿದ್ದರ ಹಿಂದೆ ಇರೋದು ಇದೇ ಆತಂಕ: ನಾವು ಹೋದ ಮೇಲೆ ಇವನಿಗೆ ಯಾರು?

ಈ ಪೋಷಕರು ನಿನ್ನೆ ಮೊನ್ನೆ ಎದ್ದು ಬಂದವರಲ್ಲ. ಸಲಿಂಗ ಸಂಬಂಧ ಅಪರಾಧವಲ್ಲ ಅಂತ ದೆಹಲಿ ಹೈಕೋರ್ಟ್ 2009ರಲ್ಲಿ ಹೇಳಿತು. ಅದರ ವಿರುದ್ಧ ಮೇಲ್ಮನವಿ ಹೋದಾಗ ಕೆಲವು ಪೋಷಕರು ತಾವಾಗಿಯೇ ಸುಪ್ರೀಂ ಕೋರ್ಟಿಗೆ ಹೋಗಿ ಮಕ್ಕಳ ಪರ ನಿಂತರು. ಅವರ ಪರ ವಾದಿಸಿದ್ದು ಹಿರಿಯ ವಕೀಲ ಫಾಲಿ ನಾರಿಮನ್. ಆದರೂ 2013ರ ಡಿಸೆಂಬರ್ 11ರಂದು ಕೋರ್ಟ್ 377ನೇ ಸೆಕ್ಷನ್ ಮತ್ತೆ ಊರ್ಜಿತ ಮಾಡಿತು. ಹಿಮಾಚಲ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಲೀಲಾ ಸೇಠ್, ಸಾಹಿತಿ ವಿಕ್ರಮ್ ಸೇಠ್ ಅವರ ತಾಯಿ, ಈ ತೀರ್ಪಿನಿಂದ ತಮ್ಮ ಹಿರಿಮಗ ಅಪರಾಧಿಯಾದ ಅಂತ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನ ತಳ್ಳಿಹಾಕಿತು. ಆ ಪೀಠದಲ್ಲಿ ಕೂತವರಲ್ಲಿ ಒಬ್ಬರು ಫಾಲಿ ನಾರಿಮನ್ ಅವರ ಮಗ ರೋಹಿಂಟನ್ ನಾರಿಮನ್!

ಜೈಲಿನ ಭಯವೇನೋ ಹೋಯಿತು, ಸಂಬಂಧಕ್ಕೆ ಹೆಸರು ಸಿಗಲಿಲ್ಲ. 2023ರ ಏಪ್ರಿಲ್‌ನಲ್ಲಿ ‘ಸ್ವೀಕಾರ್’ ಎಂಬ ಪೋಷಕರ ಸಂಘಟನೆಯ 400ಕ್ಕೂ ಹೆಚ್ಚು ಅಪ್ಪ-ಅಮ್ಮಂದಿರು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿಗೆ ಪತ್ರ ಬರೆದರು. ನಮಗೆ ವಯಸ್ಸಾಗುತ್ತಿದೆ, ಕೆಲವರು ಎಂಬತ್ತರ ಹತ್ತಿರ ಬಂದಿದ್ದೇವೆ, ಕಣ್ಣು ಮುಚ್ಚುವ ಮೊದಲು ಮಕ್ಕಳ ಮದುವೆಗೆ ಕಾನೂನಿನ ಮುದ್ರೆ ಬೀಳಲಿ ಅನ್ನೋದು ಅದರ ಸಾರ. ಅಕ್ಟೋಬರ್ 17ರಂದು ಬಂದ ತೀರ್ಪು ಅವರ ಪರ ಆಗಲಿಲ್ಲ. ಮದುವೆ ಮೂಲಭೂತ ಹಕ್ಕಲ್ಲ ಅಂತ ಐವರೂ ಹೇಳಿದರು. ಮದುವೆ ಬೇಡ, ಜೊತೆಯಾಗಿ ಬಾಳೋದಕ್ಕಾದರೂ ಕಾನೂನಿನ ಮಾನ್ಯತೆ ಕೊಡಿ ಅನ್ನೋದು 3-2ರಲ್ಲಿ ಬಿದ್ದುಹೋಯಿತು. ಮರುಪರಿಶೀಲನೆ ಅರ್ಜಿಯೂ 2025ರ ಜನವರಿಯಲ್ಲಿ ವಜಾ ಆಯಿತು. ಚೆಂಡು ಈಗ ಸಂಸತ್ತಿನ ಅಂಗಳದಲ್ಲಿದೆ.

ಇದೆಲ್ಲ ಡೆಲ್ಲಿ ವಿಷಯ, ಬೆಂಗಳೂರಿನ ವಿಷಯ, ನಮ್ಮ ಮಲೆನಾಡಿಗೆ ಏನು ಸಂಬಂಧ ಅನ್ನೋರು ಒಮ್ಮೆ ಪೌತಿ ಖಾತೆ ನೆನಪಿಸಿಕೊಳ್ಳಲಿ. ಕಾಫಿ ತೋಟದ ಯಜಮಾನ ತೀರಿಕೊಂಡರೆ ಮೊದಲು ಬೇಕಾಗೋದು ವಂಶವೃಕ್ಷ. ಹಿಂದೂ ಉತ್ತರಾಧಿಕಾರ ಕಾಯ್ದೆ (1956) ಪ್ರಕಾರ ಮದುವೆಯಾಗದ, ಮಕ್ಕಳಿಲ್ಲದ ಗಂಡಸು ವಿಲ್ ಬರೆಯದೆ ಸತ್ತರೆ ಅವನ ಆಸ್ತಿ ಮೊದಲು ತಾಯಿಗೆ. ತಾಯಿ ಇಲ್ಲದಿದ್ದರೆ ತಂದೆಗೆ, ಅವರೂ ಇಲ್ಲದಿದ್ದರೆ ಅಣ್ಣತಮ್ಮ, ಅಕ್ಕತಂಗಿಯರಿಗೆ. ಜೊತೆಗೆ ಬಾಳಿ, ತೋಟಕ್ಕೆ ದುಡ್ಡು ಹಾಕಿ, ಕಾಯಿಲೆಯಲ್ಲಿ ನೋಡಿಕೊಂಡವನ ಹೆಸರು ಆ ಮರದ ಯಾವ ಕೊಂಬೆಯಲ್ಲೂ ಇರಲ್ಲ. ಅಪ್ಪ-ಅಮ್ಮ ಬದುಕಿರೋ ತನಕ ಹೇಗೋ ನಡೆಯುತ್ತೆ. ಆಮೇಲೆ ದಾಯಾದಿಗಳು ಬರ್ತಾರೆ.

ಇನ್ನು ‘ಮದುವೆ ಮಾಡಿದ್ರೆ ಸರಿಹೋಗ್ತಾನೆ’ ಅನ್ನೋ ಮಾತು. ಸರಿಹೋಗಲ್ಲ. ಏನೂ ಅರಿಯದ ಇನ್ನೊಬ್ಬರ ಮನೆ ಹೆಣ್ಣುಮಗಳ ಬಾಳೂ ಜೊತೆಗೆ ಹಾಳಾಗುತ್ತೆ, ಅಷ್ಟೇ. ‘ಸರಿ ಮಾಡ್ತೀವಿ’ ಅಂತ ಚಿಕಿತ್ಸೆ ಕೊಡೋ ವೈದ್ಯರ ನಡೆ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಹಳ್ಳಿ ಕಡೆ ಇಂಥವರಿಲ್ಲ ಅನ್ನೋರಿಗೆ ಉತ್ತರ ಕನ್ನಡದಲ್ಲೇ ಇದೆ. ಸಂಡೂರಿನ ವಸುಧೇಂದ್ರ ‘ಮೋಹನಸ್ವಾಮಿ’ ಕಥೆಗಳನ್ನ ಪ್ರಕಟಿಸಿದ್ದು 2013ರಲ್ಲಿ.

ಅಂದಹಾಗೆ, ರಾಜ್ಯ ಸರ್ಕಾರ 2021ರಲ್ಲಿ ನೌಕರಿಯಲ್ಲಿ ಕೊಟ್ಟ ಶೇ 1ರ ಮೀಸಲಾತಿ ಲಿಂಗತ್ವ ಅಲ್ಪಸಂಖ್ಯಾತರಿಗೆ. ಸಲಿಂಗಿಗಳ ವಿಷಯ ಬೇರೆ, ಎರಡನ್ನೂ ಕಲಸಬಾರದು.

ಕೈಗೆ ಸಿಕ್ಕಿರೋದು ಏನು? ಸಲಿಂಗ ಜೋಡಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯೋದಕ್ಕೆ, ಒಬ್ಬರು ಇನ್ನೊಬ್ಬರನ್ನ ನಾಮಿನಿ ಮಾಡೋದಕ್ಕೆ ಅಡ್ಡಿ ಇಲ್ಲ ಅಂತ ಕೇಂದ್ರ ಹಣಕಾಸು ಇಲಾಖೆ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿತು. ರೇಷನ್ ಕಾರ್ಡಿಗೆ ಅವರನ್ನ ಒಂದೇ ಕುಟುಂಬ ಅಂತ ಪರಿಗಣಿಸಿ ಅಂತ ರಾಜ್ಯಗಳಿಗೆ ಸೂಚನೆ ಹೋಗಿದೆ. ಹತ್ತಿರದ ಸಂಬಂಧಿಕರು ಇಲ್ಲದಾಗ ಸಂಗಾತಿಗೆ ಶವ ಕೊಡಬೇಕು ಅಂತ ಆರೋಗ್ಯ ಸಚಿವಾಲಯವೂ ಬರೆದಿದೆ. ಬದುಕಿದ್ದಾಗ ಆಗದ ಸಂಬಂಧ ಶವ ಪಡೆಯೋದಕ್ಕೆ ಆಗುತ್ತೆ, ಅದೂ ಬೇರೆ ಯಾರೂ ಇಲ್ಲದಿದ್ದರೆ! ಇವೆಲ್ಲ ಪತ್ರಗಳು, ಸಂಸತ್ತು ಮಾಡಿದ ಕಾನೂನಲ್ಲ. ಇನ್ನೊಂದು: ನಾಮಿನಿ ಅಂದರೆ ವಾರಸುದಾರ ಅಲ್ಲ. ನಾಮಿನಿ ಕೈಗೆ ಬಂದ ದುಡ್ಡನ್ನ ವಾರಸುದಾರರು ಕೇಳಬಹುದು. ಇದು ಅಂಗಡಿ ನಡೆಸೋ ಎಲ್ಲರಿಗೂ ಅನ್ವಯಿಸುತ್ತೆ.

ಹಾಗಾಗಿ ಸದ್ಯಕ್ಕೆ ಪೋಷಕರ ಕೈಲಿರೋ ಗಟ್ಟಿ ಕಾಗದ ಅಂದರೆ ವಿಲ್. ಸ್ವಯಾರ್ಜಿತ ಆಸ್ತಿಯನ್ನ ಯಾರ ಹೆಸರಿಗೆ ಬೇಕಾದರೂ ಬರೆಯಬಹುದು, ಮಗನ ಸಂಗಾತಿಗೂ. ಮಗನೂ ತನ್ನ ಪಾಲಿಗೆ ಬೇರೆ ವಿಲ್ ಬರೆದಿಡಬೇಕು. ಇಬ್ಬರು ಸಾಕ್ಷಿಗಳು ಬೇಕು, ಸ್ಟಾಂಪ್ ಡ್ಯೂಟಿ ಇಲ್ಲ. ನೋಂದಣಿ ಕಡ್ಡಾಯ ಅಲ್ಲದಿದ್ದರೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಡಿಸಿಟ್ಟರೆ ಮುಂದೆ ತಕರಾರು ಬಂದಾಗ ಅನುಕೂಲ. ದಾನಪತ್ರ ಮಾಡೋಣ ಅಂದುಕೊಂಡರೆ ಖರ್ಚು ನೋಡಿಕೊಳ್ಳಿ. ಮಗನಿಗೋ ಸೊಸೆಗೋ ಬರೆದರೆ ಸಣ್ಣ ನಿಗದಿತ ಶುಲ್ಕ. ಮಗನ ಸಂಗಾತಿಗೆ ಬರೆದರೆ ಹೊರಗಿನವರ ಲೆಕ್ಕ, ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾವಾರು ಕಟ್ಟಬೇಕು. ಸರ್ಕಾರಿ ಮಂಜೂರಾತಿ ಜಮೀನಾದರೆ ಷರತ್ತುಗಳು ಬೇರೆ ಇರುತ್ತವೆ, ವಕೀಲರಿಗೆ ದಾಖಲೆ ತೋರಿಸಿಯೇ ಮುಂದುವರಿಯೋದು ಒಳ್ಳೇದು.