ಬೆಂಗಳೂರಿನ ಗಾರ್ಡನ್ ಕೋಡ್ಲಾದ ಬಿಸಿಲಿಗೆ ತಾಳೀತೇ?

ಸೇಡಂ: ನಮ್ಮ ಭಾಗದಲ್ಲಿ ಗಾರ್ಡನ್ ಕೆಲಸ ಇಲ್ಲ ಅನ್ನೋ ಹಾಗಿಲ್ಲ. ಕೋಡ್ಲಾದಲ್ಲಿ ಶ್ರೀ ಸಿಮೆಂಟ್, ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ, ವಾಡಿಯಲ್ಲಿ ಎಸಿಸಿ, ಚಿತ್ತಾಪುರ ತಾಲ್ಲೂಕಿನಲ್ಲಿ ಓರಿಯಂಟ್, ಚಿಂಚೋಳಿ ತಾಲ್ಲೂಕಿನಲ್ಲಿ ಕಲಬುರ್ಗಿ ಸಿಮೆಂಟ್ ಕಾರ್ಖಾನೆಗಳಿವೆ. ಇಂಥ ಕಾರ್ಖಾನೆಗೆ ಕೇಂದ್ರದ ಪರಿಸರ ಅನುಮತಿ ಸಿಗುವಾಗ ಹಸಿರು ಪಟ್ಟಿ ಬೆಳೆಸುವ ಷರತ್ತೂ ಜೊತೆಗೆ ಬರುತ್ತದೆ. ಹಿಂದೆ ಇದು ಸಾಮಾನ್ಯವಾಗಿ ಒಟ್ಟು ಜಾಗದ ಶೇ 33ರಷ್ಟಿತ್ತು. ಇದರ ಮೇಲೆ ಕಾಲೊನಿ, ಶಾಲೆ, ಲೇಔಟ್, ಕಲ್ಯಾಣ ಮಂಟಪಗಳ ಕೆಲಸ ಬೇರೆ.

ಬೆಂಗಳೂರಿನಲ್ಲಿ ಪೈಪೋಟಿ ಹೆಚ್ಚು, ಬಾಡಿಗೆ ದುಬಾರಿ. ಅಲ್ಲಿನ ಲ್ಯಾಂಡ್‌ಸ್ಕೇಪಿಂಗ್ ಉದ್ಯಮ ಇಲ್ಲಿಗೆ ಬಂದರೆ ನಡೆಯುತ್ತಾ? ನಡೆಯುತ್ತೆ. ಆದ್ರೆ ಅಂಗಡಿ ಬೋರ್ಡಿನ ಜೊತೆ ಅಲ್ಲಿನ ಗಿಡದ ಪಟ್ಟಿಯನ್ನೂ ಲಾರಿಗೆ ಹೇರಿಕೊಂಡು ಬಂದವರು ಮೊದಲ ಬ್ಯಾಸಗಿಯಲ್ಲೇ ಕೈ ಸುಟ್ಟುಕೊಳ್ಳುತ್ತಾರೆ.

ಬಿಸಿಲಿನ ಲೆಕ್ಕ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕಲಬುರಗಿ ಅದರ ಅರ್ಧ. ಬೆಂಗಳೂರಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಆದಾಗ ಅದು ದಾಖಲೆ ಅಂತ ಸುದ್ದಿಯಾಯಿತು. ನಮ್ಮಲ್ಲಿ ಮೇ ತಿಂಗಳಲ್ಲಿ 40 ದಾಟೋದು ಮಾಮೂಲು. ಏಪ್ರಿಲ್, ಮೇ ಬಂತಂದ್ರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ವೇಳೆಗೆ ಬದಲಾಗುತ್ತವೆ. ಫೈಲ್ ನೋಡುವವರಿಗೇ ಹೀಗಿದ್ದರೆ, ಗುಂಡಿ ತೋಡುವ ಕೂಲಿಯವರಿಗೆ ಮಧ್ಯಾಹ್ನದ ಪಾಳಿ ಹಾಕಲು ಆಗುತ್ತದೆಯೇ? ಬ್ಯಾಸಗಿಯಲ್ಲಿ ದಿನದ ಕೆಲಸದ ಹೊತ್ತೇ ಕಡಿಮೆ ಎಂದು ಹಿಡಿದು ಗುತ್ತಿಗೆ ದರ ಹಾಕಬೇಕು.

ಎಲ್ಲಕ್ಕಿಂತ ದೊಡ್ಡ ಖರ್ಚು ಹುಲ್ಲುಹಾಸಿನದು. ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ನೀರು ಅಂದ್ರೆ ಒಂದು ಲೀಟರ್. ಬ್ಯಾಸಗಿಯಲ್ಲಿ ಲಾನ್‌ಗೆ ದಿನಕ್ಕೆ ಆರು ಮಿಲಿಮೀಟರ್ ಅಂತ ಹಿಡಿದರೂ 10 ಗುಂಟೆಗೆ ಸುಮಾರು 6,000 ಲೀಟರ್ ಬೇಕು. ಅಂದ್ರೆ ದಿನಕ್ಕೊಂದು ಟ್ಯಾಂಕರ್. ಮಾರ್ಚ್‌ನಿಂದ ಮೇ ತನಕ ಐದೂವರೆ ಲಕ್ಷ ಲೀಟರ್. ಬೋರ್‌ವೆಲ್ ಬತ್ತುವ ದಿನಗಳಲ್ಲಿ, ಊರಿನ ನಳಕ್ಕೆ ನೀರು ಬಿಡದಾಗ, ಲಾನ್‌ಗೆ ಟ್ಯಾಂಕರ್ ಹೊಡೆಸಿದರೆ ಜನ ಸುಮ್ಮನಿರ್ತಾರೇನ್ರಿ?

ಮಣ್ಣೂ ಬೇರೆ

ಬೆಂಗಳೂರಿನದು ಹೆಚ್ಚಾಗಿ ಕೆಂಪು ಮಣ್ಣು. ಇಲ್ಲಿ ಎರೆ ಮಣ್ಣು, ಅದರ ಕೆಳಗೆ ಸುಣ್ಣದ ಕಲ್ಲು. ಶಹಾಬಾದ್ ಫರ್ಸಿ, ಸಿಮೆಂಟ್ ಎರಡಕ್ಕೂ ಅದೇ ಕಲ್ಲು ಆಧಾರ. ಸುಣ್ಣ ಜಾಸ್ತಿ ಇರುವ ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ಎಲೆಯ ನರ ಹಸಿರಾಗೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ನೀರು ಸಾಲದು ಅಂತ ತಿಳಿದು ಇನ್ನಷ್ಟು ನೀರು ಬಿಟ್ಟರೆ ಎರೆ ಮಣ್ಣಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಆಂಧ್ರದ ಕಡಿಯಂ ನರ್ಸರಿಗಳ ಸಸಿ ದೇಶದ ಎಲ್ಲ ಕಡೆ ಹೋಗುತ್ತವೆ. ಆದ್ರೆ ಅವು ಗೋದಾವರಿ ಬಯಲಿನ ನೀರು, ತೇವದಲ್ಲಿ ಬೆಳೆದವು. ಲಾರಿಯಿಂದ ಇಳಿಸಿ ನೇರ ಬಿಸಿಲಿಗೆ ನೆಟ್ಟರೆ ಬದುಕುವುದು ಕಷ್ಟ. ಕೆಲವು ವಾರ ನೆರಳುಪರದೆ ಕೆಳಗಿಟ್ಟು, ನಿಧಾನಕ್ಕೆ ಬಿಸಿಲು ತೋರಿಸಿ, ಮಿರಗ ಮಳೆ ಬಿದ್ದ ಮೇಲೆ ನೆಡಬೇಕು.

ತಂಪು ಸೀಮೆಯಿಂದ ಬಂದು ಗೆದ್ದವರೂ ಇದ್ದಾರೆ. ಜರ್ಮನಿಯ ಜಿ.ಎಚ್. ಕೃಂಬಿಗಲ್ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, 1893ರಲ್ಲಿ ಬರೋಡಾ ಸಂಸ್ಥಾನಕ್ಕೆ, 1908ರಲ್ಲಿ ಬೆಂಗಳೂರಿನ ಲಾಲ್‌ಬಾಗ್‌ಗೆ ಬಂದರು. ಜರ್ಮನಿಯ ತೋಟವನ್ನು ಇಲ್ಲಿ ಕೂರಿಸಲು ಹೋಗಲಿಲ್ಲ. ಈ ಹವೆಗೆ ಒಗ್ಗುವ ಮರ ಆರಿಸಿ, ಒಂದರ ಹೂ ಮುಗಿಯುತ್ತಲೇ ಇನ್ನೊಂದು ಅರಳುವಂತೆ ನೆಡಿಸಿದರು. ಬೆಂಗಳೂರಿನಿಂದ ಇಲ್ಲಿಗೆ ಬರುವವರೂ ಅದನ್ನೇ ಮಾಡಬೇಕು.

ನಮ್ಮ ಹವೆಗೆ ಬೇವು, ಹೊಂಗೆ, ಹುಣಸೆ, ಆಲ, ಬಸರಿ ಇವೆ. ಹೂವಿಗೆ ಕಣಗಿಲೆ, ಕಾಗದದ ಹೂ. ಲಾನ್ ಬೇಕೇ ಬೇಕು ಅಂದವರಿಗೆ ಚಿಕ್ಕ ಜಾಗದಲ್ಲಿ ಗರಿಕೆ, ಉಳಿದ ಕಡೆ ಫರ್ಸಿ ಮತ್ತು ಮರದ ನೆರಳು. ಬೇಗ ಹಸಿರು ಕಾಣಲಿ ಅಂತ ಕೋನೋಕಾರ್ಪಸ್ ನೆಡುವುದು ಬೇಡ. ಅದರ ಬೇರು ಪೈಪು, ಕೇಬಲ್ ಕೆಡಿಸುತ್ತದೆ, ಪರಾಗದಿಂದ ಅಲರ್ಜಿ ಬರುತ್ತದೆ ಎಂದು ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನಿಷೇಧಿಸಿದೆ.

ಲಾಭ ಯಾರಿಗೆ?

ಇಲ್ಲಿನ ಮಣ್ಣು, ಮಳೆ, ಬಿಸಿಲು ಗೊತ್ತಿರುವುದು ಇಲ್ಲಿನ ರೈತರಿಗೆ. ಹೀಗಿರುವಾಗ ಸಸಿ ಹೊರಗಿನಿಂದ, ಗುತ್ತಿಗೆ ಹೊರಗಿನವರಿಗೆ, ನಮ್ಮವರಿಗೆ ಬರೀ ನೀರು ಹಾಕುವ ಕೂಲಿ ಅಂತಾದರೆ ಹಣವೂ ಹೋಯಿತು, ಗಿಡವೂ ಹೋಯಿತು. ಹೊರಗಿನ ಗುತ್ತಿಗೆದಾರ ಬರಲಿ, ಬೇಡ ಅನ್ನೋದಿಲ್ಲ. ಸಸಿ ಇಲ್ಲಿಯದ್ದಾಗಲಿ. ನೀರಿರುವ ಅರ್ಧ ಎಕರೆಯಲ್ಲಿ, ನೆರಳುಪರದೆ ಕಟ್ಟಿ, ಸ್ಥಳೀಯ ಬೀಜದಿಂದ ಬೇವು, ಹೊಂಗೆ ಸಸಿ ಬೆಳೆಸುವುದು ಸ್ವಸಹಾಯ ಸಂಘಗಳಿಗೂ ಆಗುವ ಕೆಲಸ.

ಅಂಗಡಿಕಾರರು ಒಂದು ಮಾತು ಗಮನಿಸಬೇಕು. ಸಸಿ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. ಆದ್ರೆ ತೋಟ ನಿರ್ವಹಣೆಯ ಗುತ್ತಿಗೆಗೆ ಶೇ 18 ಇದೆ. ಸಸಿಯ ದರ, ಕೆಲಸದ ದರ ಎರಡನ್ನೂ ಮೊದಲೇ ಬೇರೆ ಮಾಡಿ ಲೆಕ್ಕ ಹಾಕದೆ ಕೊಟೇಷನ್ ಕೊಟ್ಟರೆ ಲಾಭ ತೆರಿಗೆಗೇ ಹೋಗುತ್ತದೆ.

ಗುತ್ತಿಗೆಯ ಷರತ್ತೂ ಬದಲಾಗಬೇಕು. ಎಷ್ಟು ಸಸಿ ನೆಟ್ಟರು ಅಂತ ನೋಡಿ ಪೂರ್ತಿ ಬಿಲ್ ಕೊಟ್ಟರೆ ಮಳೆಗಾಲದಲ್ಲಿ ಫೋಟೋ, ಬ್ಯಾಸಗಿಯಲ್ಲಿ ಬರೀ ಗುಂಡಿ. ಎರಡು ಬ್ಯಾಸಗಿ ದಾಟಿ ಉಳಿದ ಗಿಡ ಎಣಿಸಿ ಕೊನೆಯ ಕಂತು ಕೊಡಬೇಕು. ಆಗ ಅಗ್ಗದ ಸಸಿ ತರುವವನಿಗಿಂತ ಗಿಡ ಬದುಕಿಸುವವನಿಗೆ ಕೆಲಸ ಸಿಗುತ್ತದೆ.

ಇದರಲ್ಲಿ ಜನರ ಪಾತ್ರವೂ ಇದೆ. ಪರಿಸರ ಅನುಮತಿ ಪಡೆದ ಕಾರ್ಖಾನೆಗಳು ಷರತ್ತು ಎಷ್ಟು ಪಾಲಿಸಿದ್ದೇವೆ ಎಂಬ ವರದಿಯನ್ನು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಅದು ಸಾರ್ವಜನಿಕ ದಾಖಲೆ. ಗ್ರಾಮ ಪಂಚಾಯಿತಿ ಸದಸ್ಯರು, ಯುವಕ ಸಂಘದವರು ಅದನ್ನು ತೆಗೆಸಿ ಓದಿ, ಕಾಗದದಲ್ಲಿರುವ ಗಿಡ ನೆಲದಲ್ಲೂ ಇವೆಯಾ ನೋಡಬೇಕು. ಹೊಸ ಘಟಕ ಅಥವಾ ವಿಸ್ತರಣೆಗೆ ಸಾರ್ವಜನಿಕ ಅಹವಾಲು ಸಭೆ ನಡೆದಾಗ ನೌಕರಿ, ಧೂಳಿನ ಜೊತೆಗೆ "ಹಸಿರು ಪಟ್ಟಿಯ ಸಸಿ ನಮ್ಮ ತಾಲ್ಲೂಕಿನಿಂದಲೇ ಕೊಳ್ಳಿ" ಎಂಬ ಬೇಡಿಕೆಯನ್ನೂ ಬರೆದು ಕೊಡಿ. ಅಲ್ಲಿ ಹೇಳಿದ್ದು ನಡಾವಳಿಯಲ್ಲಿ ದಾಖಲಾಗುತ್ತದೆ. ಆಮೇಲೆ ಹೋಟೆಲ್ ಕಟ್ಟೆಯಲ್ಲಿ ಎಷ್ಟು ಮಾತಾಡಿದರೂ ದಾಖಲಾಗುವುದಿಲ್ಲ.