ನಾಲ್ವರು, ಆರು ದಿನ, ಒಂದು ಪಿಎನ್‌ಆರ್

ಕಾಲೇಜು ಮುಗಿಸಿ ಹದಿನೈದು ವರ್ಷ ದಾಟಿದವರ ಪ್ರತಿಯೊಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲೂ ಒಂದು ಟ್ರಿಪ್ ಬಾಕಿ ಇರುತ್ತದೆ. ನಮ್ಮದರಲ್ಲೂ ಇತ್ತು. ಹುಬ್ಬಳ್ಳಿಯಲ್ಲಿ ಒಟ್ಟಿಗೆ ಓದಿದ ನಾವು ನಾಲ್ವರು ಈಗ ಪುಣೆ, ಮುಂಬೈ, ಹೈದರಾಬಾದ್, ಚೆನ್ನೈಗಳಲ್ಲಿ ಹಂಚಿಹೋಗಿದ್ದೇವೆ. ಪ್ರತಿ ಜನವರಿಯಲ್ಲಿ ಯಾರೋ ಒಬ್ಬರು ಮ್ಯಾಪ್ ಹಾಕುತ್ತಾರೆ, ಮೂರು ದಿನ ಚರ್ಚೆ ನಡೆಯುತ್ತದೆ, ಆಮೇಲೆ ಎಲ್ಲರೂ ಗುಡ್ ಮಾರ್ನಿಂಗ್ ಮೆಸೇಜಿಗೆ ಮರಳುತ್ತಾರೆ. ಈ ವರ್ಷ ಮಾತ್ರ ಟಿಕೆಟ್ ಕೈಗೆ ಬಂದಿದೆ. ಅದು ಹೇಗಾಯಿತು ಎಂದು ಬರೆದರೆ, ಬಾಕಿ ಟ್ರಿಪ್ ಇಟ್ಟುಕೊಂಡಿರುವ ಓದುಗರಿಗೆ ಉಪಯೋಗವಾದೀತು.

ಮೊದಲ ಪಟ್ಟಿಯಲ್ಲಿ ಆರು ದಿನಕ್ಕೆ ಐದು ಊರು ಇದ್ದವು: ಮುಂಬೈ, ಮಡಗಾಂವ್, ಮಂಗಳೂರು, ಕೋಝಿಕ್ಕೋಡ್, ಕೊಚ್ಚಿ. ಮ್ಯಾಪಿನಲ್ಲಿ ಸೊಗಸಾಗಿ ಕಾಣುತ್ತದೆ, ಕರಾವಳಿಗೆ ದಾರ ಪೋಣಿಸಿದ ಹಾಗೆ. ಆದರೆ ಪ್ರತಿ ಊರಿಗೂ ಸ್ಟೇಷನ್ನಿಗೆ ಹೋಗುವ, ಕಾಯುವ, ರೂಮು ಹುಡುಕುವ, ಬ್ಯಾಗ್ ಬಿಚ್ಚಿ ಕಟ್ಟುವ ಹೊತ್ತು ಸೇರಿಸಿದರೆ ಅರ್ಧ ದಿನ ಹೋಗುತ್ತದೆ. ಐದು ಊರು ಅಂದರೆ ಎರಡೂವರೆ ದಿನ ಬರೀ ಸಾಗಾಟ. ಗೋವಾ ಬಿಟ್ಟೆವು. ಮುಂಬೈನಿಂದ ಮಂಗಳೂರಿಗೆ ಒಂದೇ ರಾತ್ರಿ ಪ್ರಯಾಣ, ಅಲ್ಲಿಂದಾಚೆಗೆ ಎಲ್ಲವೂ ಹಗಲಿನಲ್ಲಿ, ನಾಲ್ಕೈದು ಗಂಟೆಯೊಳಗೆ. ಮಂಗಳೂರಿನಿಂದ ಕೋಝಿಕ್ಕೋಡ್, ಕೋಝಿಕ್ಕೋಡಿನಿಂದ ಎರ್ನಾಕುಲಂ, ಎರಡೂ ಕಿಟಕಿ ಪಕ್ಕ ಕೂತು ಹರಟುವಷ್ಟೇ ದೂರ.

ಊರುಗಳು ಗೊತ್ತಾದ ಮೇಲೆ ಎಲ್ಲರೂ ಹೊರಡುವ ದಿನ ಹುಡುಕಲು ಶುರು ಮಾಡಿದರು. ಸುಲಭ ಇರುವುದು ಉಲ್ಟಾ ಕಡೆಯಿಂದ. ಕೊಚ್ಚಿಯಿಂದ ಚೆನ್ನೈಗೆ ದಿನಾ ರಾತ್ರಿ ರೈಲಿದೆ. ಹೈದರಾಬಾದಿನವನಿಗೆ ಶಬರಿ ಎಕ್ಸ್‌ಪ್ರೆಸ್ ದಿನಾ ಇದೆ. ಕೊಂಕಣ ದಾರಿಯಲ್ಲೇ ನನ್ನನ್ನು ಪುಣೆಗೆ ತಲುಪಿಸುವ ರೈಲು ಮಾತ್ರ ದಿನಾ ಇಲ್ಲ. ಹಾಗಾಗಿ ಮೊದಲು ಅದರ ದಿನ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಎಣಿಸಿದೆವು. ಅಪರೂಪದ ರೈಲನ್ನು ಮೊದಲು ಹಿಡಿದರೆ ಉಳಿದವು ತಾವೇ ಸರಿಹೊಂದುತ್ತವೆ.

ಇನ್ನೊಂದು ಲೆಕ್ಕವೂ ಇದೆ. ರಿಸರ್ವೇಶನ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರ್‌ಗೆ ಮೊದಲು ಇದು 120 ದಿನ ಇತ್ತು. ಮೇ 16ರ ರೈಲಿಗೆ ಮಾರ್ಚ್ 17ರ ಬೆಳಿಗ್ಗೆ 8 ಗಂಟೆಗೆ ಬುಕಿಂಗ್ ಶುರುವಾದರೆ, ಮೇ 22ರ ವಾಪಸ್ ರೈಲಿಗೆ ಮಾರ್ಚ್ 23ಕ್ಕೆ. ಅಂದರೆ ಹೋಗುವ ಟಿಕೆಟ್ ಕೈಯಲ್ಲಿದ್ದು, ಬರುವ ಟಿಕೆಟ್ ಇನ್ನೂ ತೆರೆದೇ ಇಲ್ಲದ ಆರು ದಿನ ಇರುತ್ತವೆ. ಗ್ರೂಪಿನಲ್ಲಿ ಟ್ರಿಪ್ ಮುರಿಯುವುದು ಹೆಚ್ಚಾಗಿ ಈ ದಿನಗಳಲ್ಲೇ. ನಾವು ಬೆಳಿಗ್ಗೆ 8ರ ಪಾಳಿ ಹಂಚಿಕೊಂಡೆವು: ಒಂದೊಂದು ಟಿಕೆಟ್ಟಿಗೆ ಒಬ್ಬೊಬ್ಬರು ಹೊಣೆ. ಒಂದು ಪಿಎನ್‌ಆರ್‌ನಲ್ಲಿ ಆರು ಜನರವರೆಗೆ ಸೇರಬಹುದು, ನಾವು ನಾಲ್ವರು ಒಂದರಲ್ಲೇ ಬರುತ್ತೇವೆ. ತತ್ಕಾಲ್ ನಂಬಿ ಕೂರಬಾರದು ಎಂದೂ ತೀರ್ಮಾನಿಸಿದೆವು. ಮೇ ತಿಂಗಳಲ್ಲಿ ಮುಂಬೈನಿಂದ ನಮ್ಮೂರ ಕಡೆಗೆ ತತ್ಕಾಲ್ ಹೇಗಿರುತ್ತದೆ ಎಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಿಲ್ಲ.

ಇಷ್ಟೆಲ್ಲ ಆದ ಮೇಲೆ ಹೈದರಾಬಾದಿನವನು ಬರೆದ: ‘ನನಗೆ ರಜೆ ಕಷ್ಟ, ನೀವು ಮೂವರು ಹೋಗಿ ಬನ್ನಿ.’

ಅವನ ಕೆಲಸ ಫೆಬ್ರವರಿಯಲ್ಲಿ ಹೋಗಿತ್ತು. ರಜೆಯೇನೋ ಬೇಕಾದಷ್ಟಿತ್ತು. ಫೋನ್ ಮಾಡಿದಾಗ ತಾನೇ ಹೇಳಿದ. ಇಲ್ಲಿ ಬರೆಯುತ್ತಿರುವುದೂ ಅವನ ಒಪ್ಪಿಗೆ ಪಡೆದೇ. ಅವನ ಪಾಲು ನಾವು ಹಾಕುತ್ತೇವೆ ಎಂದೆವು. ‘ನಿಮ್ಮ ದುಡ್ಡಲ್ಲಿ ಬಂದರೆ ಆರು ದಿನ ಪ್ರತಿ ಜಗಳದಲ್ಲೂ ನಾನೇ ಸೋಲಬೇಕಾಗುತ್ತೆ’ ಎಂದ. ನಗು ಬಂತು, ಆದರೆ ಮಾತು ಸರಿಯಾಗಿತ್ತು.

ದಾರಿ ತೋರಿಸಿದ್ದು ಚೆನ್ನೈಯವಳು. ತ್ರೀ ಎಸಿ ಬೇಡ, ಸ್ಲೀಪರ್ ಎಂದಳು. ಈ ದಾರಿಯಲ್ಲಿ ತ್ರೀ ಎಸಿಗೆ ಸ್ಲೀಪರಿನ ಸುಮಾರು ಎರಡೂವರೆ ಪಟ್ಟು ಆಗುತ್ತದೆ. ಹಗಲಿನ ಪ್ರಯಾಣಕ್ಕೆ ವಂದೇ ಭಾರತ್ ಬದಲು ಮಾಮೂಲಿ ಎಕ್ಸ್‌ಪ್ರೆಸ್ಸಿನ ಸೆಕೆಂಡ್ ಸಿಟ್ಟಿಂಗ್. ಮುಂಬೈಯಲ್ಲಿ ಹೋಟೆಲ್ ಇಲ್ಲ, ಅಲ್ಲಿಯವನ ಮನೆ. ಅವನ ಒಂದೂವರೆ ಕೋಣೆಯಲ್ಲಿ ಚಾಪೆ ಹಾಸಿದರೆ ಸಾಕು. ಆಮೇಲೆ ಒಂದು ನಿಯಮ: ಎಲ್ಲರೂ ಸಮನಾಗಿ ಹಾಕುವ ಮೊತ್ತ ಎಷ್ಟು ಎಂದು ಅವನೇ ಹೇಳಬೇಕು, ಟ್ರಿಪ್ ಅದರೊಳಗೇ ಮುಗಿಯಬೇಕು. ಎರಡು ದಿನ ಸುಮ್ಮನಿದ್ದ. ಮೂರನೇ ದಿನ ಒಂದು ಅಂಕಿ ಕಳಿಸಿದ. ಯಾರೂ ಏನೂ ಕೇಳದೆ ಥಂಬ್ಸ್‌ಅಪ್ ಹಾಕಿದೆವು.

ಮೂವತ್ತೆಂಟರ ಬೆನ್ನಿಗೆ ಮೇ ತಿಂಗಳ ಸ್ಲೀಪರ್ ಹಿತವಲ್ಲ, ಗೊತ್ತು. ಕೊಂಕಣದ ಸೆಕೆಯಲ್ಲಿ ಕಿಟಕಿ ತೆರೆದಿಟ್ಟು ಬೆವರುತ್ತಲೇ ಮಲಗಬೇಕು. ಆದರೆ ಗುಂಪಿನ ಬಜೆಟ್ ಸರಾಸರಿ ಸಂಬಳದ ಮೇಲೆ ನಿಂತರೆ ಕಡಿಮೆ ಇರುವವರು ಸದ್ದಿಲ್ಲದೆ ಹಿಂದೆ ಸರಿಯುತ್ತಾರೆ, ಕಾರಣಕ್ಕೆ ‘ರಜೆ ಇಲ್ಲ’ ಎನ್ನುತ್ತಾರೆ. ಹಿಂದಿನ ವರ್ಷಗಳ ಎಷ್ಟು ‘ರಜೆ ಇಲ್ಲ’ಗಳು ಹೀಗೇ ಬಂದಿದ್ದವೋ.

ರಜೆಯದೂ ಅದೇ ನ್ಯಾಯ. ಹೊರಗಿರುವ ನಮಗೆ ಬೇಸಿಗೆ ಅಂದರೆ ಊರು. ‘ಮಾವಿನಹಣ್ಣಿನ ಹೊತ್ತಿಗೆ ಬರ್ತೀಯಲ್ಲ?’ ಎಂದು ಅಮ್ಮ ಕೇಳಿದಾಗ, ಇದ್ದ ರಜೆಯೆಲ್ಲ ಸ್ನೇಹಿತರಿಗೆ ಎನ್ನಲು ಬಾಯಿ ಬರುವುದಿಲ್ಲ. ಚೆನ್ನೈಯವಳಿಗೆ ಊರಿನ ದಿನ ಉಳಿಸಿದರೆ ಆರೇ ದಿನ ಮಿಗುತ್ತಿತ್ತು. ನಮಗೆ ಏಳೆಂಟು ಸಿಗುತ್ತಿದ್ದರೂ ಆರಕ್ಕೇ ನಿಲ್ಲಿಸಿದೆವು.

ಹೊರಡುವವರಿಗೆ ಕೆಲವು ಸೂಚನೆ. ಮಂಗಳೂರಿನಲ್ಲಿ ಸೆಂಟ್ರಲ್ ಮತ್ತು ಜಂಕ್ಷನ್ ಎರಡು ಸ್ಟೇಷನ್. ಮತ್ಸ್ಯಗಂಧಾ ಸೆಂಟ್ರಲ್‌ಗೆ ಬರುತ್ತದೆ, ಮುಂಬೈನಿಂದ ಕೇರಳಕ್ಕೆ ಹೋಗುವ ನೇತ್ರಾವತಿ ಜಂಕ್ಷನ್‌ನಲ್ಲೇ ನಿಂತು ಮುಂದೆ ಸಾಗುತ್ತದೆ. ಎರ್ನಾಕುಲಂನಲ್ಲೂ ಜಂಕ್ಷನ್, ಟೌನ್ ಎಂದು ಎರಡಿವೆ; ಟಿಕೆಟ್ ನೋಡಿಯೇ ಆಟೋ ಹತ್ತಿ. ಕೊಂಕಣ ರೈಲ್ವೆಗೆ ಜೂನ್‌ನಲ್ಲಿ ಮಳೆಗಾಲದ ವೇಳಾಪಟ್ಟಿ ಬರುತ್ತದೆ, ಆಗ ವೇಗ ಕಡಿಮೆ, ಸಮಯವೂ ಬೇರೆ. ಮೇ ಒಳಗೆ ಮುಗಿಸುವುದು ಒಳ್ಳೆಯದು. ಕೊಚ್ಚಿಯಲ್ಲಿ 2023ರಿಂದ ವಾಟರ್ ಮೆಟ್ರೋ ಓಡುತ್ತಿದೆ, ಟ್ಯಾಕ್ಸಿಗಿಂತ ಅಗ್ಗ, ನೋಟವೂ ಚೆಂದ. ಕೋಝಿಕ್ಕೋಡಿನ ಮಿಠಾಯಿ ತೆರುವಿನಲ್ಲಿ ಹಲ್ವ ಕೊಳ್ಳುವುದನ್ನು ಬಜೆಟ್ಟಿನಲ್ಲಿ ಮೊದಲೇ ಸೇರಿಸಿ, ಇಲ್ಲದಿದ್ದರೆ ಲೆಕ್ಕ ಅಲ್ಲಿಯೇ ತಪ್ಪುತ್ತದೆ.

ನಾಲ್ಕು ಬರ್ತ್ ಕನ್ಫರ್ಮ್ ಆಗಿವೆ, ಒಂದು ಸೈಡ್ ಅಪ್ಪರ್. ಅದು ಯಾರಿಗೆ ಎಂಬ ಜಗಳ ಗ್ರೂಪಿನಲ್ಲಿ ಶುರುವಾಗಿದೆ. ಸದ್ಯಕ್ಕೆ ಹೈದರಾಬಾದಿನವನೇ ಗೆಲ್ಲುತ್ತಿದ್ದಾನೆ.